ಆಯಿಲ್ ಲೀಕ್ ಹುಡುಕಲು ಗಾರೆ ಕೆಲಸದ ಲೆವೆಲ್ ಪೈಪ್

ಟರ್ಬೊ ಪೆಟ್ರೋಲ್ ಕಾರು ಆಯಿಲ್ ಸುರಿಸುತ್ತಾ ನಮ್ಮ ಗ್ಯಾರೇಜಿಗೆ ಬಂದರೆ ಪ್ಯಾಕಿಂಗಿಗೆ (ಎರಡು ಭಾಗ ಸೇರುವ ಸಂದಿಯಲ್ಲಿ ಆಯಿಲ್ ಸೋರದಂತೆ ಕೂರಿಸುವ ಪಟ್ಟಿ) ಕೈ ಹಾಕುವುದು ಕೊನೆಯ ಕೆಲಸ. ಇಂಜಿನ್ ಹೊಟ್ಟೆಯೊಳಗೆ ಒತ್ತಡ ಎಷ್ಟಿದೆ ಅಂತ ಮೊದಲು ನೋಡುತ್ತೇನೆ. ಒಳಗೆ ಒತ್ತಡ ಜಾಸ್ತಿ ಇದ್ದರೆ ಆಯಿಲ್ ಎಲ್ಲಿ ಜಾಗ ಸಿಕ್ಕರೆ ಅಲ್ಲಿಂದ ಹೊರಬರುತ್ತದೆ. ಈ ಸಲ ಇಂಜಿನ್ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಅದನ್ನು ಬಿಗಿ ಮಾಡಿದರೆ ಮುಂದಿನ ಸಲ ಕೆಳಗಿನ ಕ್ರ್ಯಾಂಕ್ ಶಾಫ್ಟ್ ತುದಿಯ ಕ್ರ್ಯಾಂಕ್ ಸೀಲ್.

ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಉರಿದ ಗ್ಯಾಸ್ ಸ್ವಲ್ಪವಾದರೂ ಕೆಳಗೆ ಇಳಿಯುತ್ತದೆ. ಡೀಸೆಲ್ ಕೆಲಸದವರು ಇದನ್ನು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಹಳೇ ಗಾಡಿಗಳಲ್ಲಿ ಒಂದು ಬ್ರೀದರ್ ಪೈಪ್ ರಸ್ತೆ ಕಡೆ ಬಾಯಿ ಬಿಟ್ಟುಕೊಂಡು ಇರುತ್ತಿತ್ತು, ಗ್ಯಾಸ್ ಅಲ್ಲಿಂದ ಹೋಗುತ್ತಿತ್ತು. ಈಗ ಹಾಗೆ ಬಿಡುವಂತಿಲ್ಲ, ಇಂಜಿನ್ನೇ ಅದನ್ನು ಮತ್ತೆ ಕುಡಿಯಬೇಕು. ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಇದು ಸುಲಭ. ಓಡುವಾಗ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಹೆಚ್ಚು ಹೊತ್ತು ಎಳೆಯುತ್ತಲೇ ಇರುತ್ತದೆ. ಟರ್ಬೊದಲ್ಲಿ ಬೂಸ್ಟ್, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುವ ಒತ್ತಡ, ಬಂದ ತಕ್ಷಣ ಅದೇ ಮ್ಯಾನಿಫೋಲ್ಡ್ ಎಳೆಯುವುದು ಬಿಟ್ಟು ಒತ್ತಲು ಶುರು ಮಾಡುತ್ತದೆ. ಅದಕ್ಕೇ ಎರಡು ದಾರಿ ಕೊಟ್ಟಿರುತ್ತಾರೆ. ಐಡಲ್‌ನಲ್ಲಿ, ಅಂದರೆ ಕಾಲು ಕೊಡದೆ ಇಂಜಿನ್ ಸುಮ್ಮನೆ ತಿರುಗುವಾಗ, ಗ್ಯಾಸ್ ಮ್ಯಾನಿಫೋಲ್ಡಿಗೆ ಹೋಗುತ್ತದೆ, ಬೂಸ್ಟ್ ಇರುವಾಗ ಏರ್ ಫಿಲ್ಟರ್ ಆದ ಮೇಲೆ ಟರ್ಬೊ ಮೂತಿಗೆ ಹೋಗುತ್ತದೆ. ದಾರಿ ಬದಲಾಯಿಸಲು ಮಧ್ಯೆ ಒಂದೇ ಕಡೆ ಗಾಳಿ ಬಿಡುವ ನಾನ್ ರಿಟರ್ನ್ ವಾಲ್ವ್‌ಗಳು, ಐಡಲ್‌ನಲ್ಲಿ ಎಳೆತ ಮಿತಿ ಮೀರದಂತೆ ತಡೆಯಲು ಒಂದು ರಬ್ಬರ್ ಪೊರೆ, ಅದೇ ಡಯಾಫ್ರಾಮ್. ಇಷ್ಟೂ ಸೇರಿದ ಪ್ಲಾಸ್ಟಿಕ್ ಡಬ್ಬಿಯನ್ನೇ ನಾವು ಪಿಸಿವಿ ಅನ್ನುವುದು.

ನಮ್ಮ ಗ್ಯಾರೇಜ್ ಹಾಸನದಲ್ಲಿ. ಒಬ್ಬ ಗಿರಾಕಿಗೆ ಇಲ್ಲಿ ಮನೆ, ಮಂಗಳೂರಲ್ಲಿ ಕೆಲಸ, ವಾರ ವಾರ ಶಿರಾಡಿ ಘಾಟಿ ಹತ್ತಿ ಬರುತ್ತಾರೆ. ಬೇರೆ ಕಡೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕಿಸಿದ್ದರು, ಆದರೂ ಲೀಕ್ ನಿಂತಿರಲಿಲ್ಲ. ಕ್ರ್ಯಾಂಕ್ ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಅಂದಿದ್ದರಂತೆ. ಅವರು ಹೇಳಿದ ಒಂದು ಮಾತು ನನಗೆ ಸಾಕಾಯಿತು. "ಊರೊಳಗೆ ಓಡಿಸಿದರೆ ಒಂದು ಹನಿ ಬೀಳಲ್ಲ ಅಣ್ಣ. ಘಾಟಿ ಹತ್ತಿ ಬಂದರೆ ಮಾತ್ರ ಸುಟ್ಟ ವಾಸನೆ."

ಪ್ಯಾಕಿಂಗ್ ಹಾಳಾಗಿದ್ದರೆ ಊರಲ್ಲೂ ಒಸರಬೇಕಲ್ವಾ? ಬೂಸ್ಟ್ ಬಹಳ ಹೊತ್ತು ನಿಂತಾಗ ಮಾತ್ರ ಬರುತ್ತದೆ ಅಂದರೆ ನನ್ನ ಅನುಮಾನ ಮೊದಲು ಪಿಸಿವಿ ಮೇಲೆ.

ಹಾಗಂತ ಲೀಕ್ ಜಾಗ ನೋಡದೆ ಬಿಡುವಂತಿಲ್ಲ. ಇಂಜಿನ್ ತೊಳೆದು, ಒಣಗಿಸಿ, ಅನುಮಾನ ಇದ್ದ ಕಡೆಯೆಲ್ಲ ಪೌಡರ್ ಉದುರಿಸಿದೆ. ಮುಖಕ್ಕೆ ಹಚ್ಚುವ ಮಾಮೂಲಿ ಪೌಡರೇ ಸಾಕು, ಆಯಿಲ್ ಬಂದ ಕಡೆ ಕಪ್ಪು ಗೆರೆ ಮೂಡುತ್ತದೆ. ಎಲ್ಲಿ ಹನಿ ಬೀಳುತ್ತಿದೆ ಅಂತ ನೋಡಬೇಡಿ, ಒದ್ದೆ ಆದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ನೋಡಿ. ರೇಡಿಯೇಟರ್ ಫ್ಯಾನ್ ಮತ್ತು ಓಡುವಾಗಿನ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತವೆ. ಟ್ಯಾಪೆಟ್ ಕವರ್ ಹಿಂದಿನ ಮೂಲೆಯಿಂದ ಇಳಿದದ್ದು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತದೆ, ಕೆಳಗಿಂದ ನೋಡಿದವರಿಗೆ ಥೇಟ್ ಕ್ರ್ಯಾಂಕ್ ಸೀಲ್ ಲೀಕಿನ ಹಾಗೇ ಕಾಣುತ್ತದೆ. ಈ ಕಾರಿನಲ್ಲೂ ಗೆರೆ ಮೇಲಿನಿಂದಲೇ ಶುರುವಾಗಿತ್ತು. ಜೊತೆಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ತನ್ನ ಜಾಗದಿಂದ ಒಂದು ಬೆರಳಷ್ಟು ಎದ್ದು ನಿಂತಿತ್ತು. ಒಳಗಿನಿಂದ ಯಾರೋ ತಳ್ಳದೆ ಅದು ಏಳುವುದಿಲ್ಲ.

ಮುಂದೆ ಒತ್ತಡ ಅಳೆಯುವ ಕೆಲಸ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪನ್ನು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿ ಸೋರದಂತೆ ಸಿಕ್ಕಿಸುತ್ತೇನೆ. ಎರಡು ಕಡೆಯ ನೀರಿನ ಮಟ್ಟದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಹೆಚ್ಚು ಕಡಿಮೆ ಒಂದು ಮಿಲಿಬಾರ್. ಇಷ್ಟು ಸಣ್ಣ ಒತ್ತಡಕ್ಕೆ ಟೈರ್ ಗೇಜ್ ಮುಳ್ಳು ಅಲುಗುವುದೂ ಇಲ್ಲ.

ಒಂದು ಎಚ್ಚರಿಕೆ. ಪೈಪ್ ಸಿಕ್ಕಿಸುವ ಮೊದಲು, ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಆ ಬಾಯಿಗೆ ಅಂಗೈ ಇಟ್ಟು ನೋಡಿ. ಅಂಗೈಯನ್ನು ಜೋರಾಗಿ ಹಿಡಿದು ಎಳೆದರೆ ಲೆವೆಲ್ ಪೈಪ್ ತಂಟೆಗೆ ಹೋಗಬೇಡಿ. ಡಯಾಫ್ರಾಮ್ ಹರಿದಿರುತ್ತದೆ, ಪೈಪಿನ ನೀರೆಲ್ಲ ಇಂಜಿನ್ ಒಳಗೆ ಹೋಗುತ್ತದೆ.

ಈ ಕಾರಿನಲ್ಲಿ ಐಡಲ್‌ನಲ್ಲಿ ಸಣ್ಣ ಎಳೆತ, ಎಂಟು ಸೆಂಟಿಮೀಟರ್ ಆಸುಪಾಸು. ಪಕ್ಕಾ ಆರೋಗ್ಯ. ಇಲ್ಲೇ ಬಹಳ ಜನ ಪಿಸಿವಿ ಸರಿಯಿದೆ ಅಂತ ಬಾನೆಟ್ ಮುಚ್ಚುತ್ತಾರೆ.

ಪೈಪನ್ನು ಬಾನೆಟ್ ಸಂದಿಯಿಂದ ಹೊರತಂದು, ಕಿಟಕಿಯಿಂದ ಒಳಗೆ ತೂರಿಸಿ, ಹಲಗೆ ತೊಡೆ ಮೇಲೆ ಇಟ್ಟುಕೊಂಡು ಪಕ್ಕದ ಸೀಟಲ್ಲಿ ಕುಳಿತೆ. ಗಾಡಿ ಅವರೇ ಓಡಿಸಿದರು. ಕಾಲ ಬಳಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು, ಬಿಸಿ ಟರ್ಬೊ ಮೇಲೆ ಆಯಿಲ್ ಬೀಳುವ ಗಾಡಿಯಲ್ಲಿ ಅದಿಲ್ಲದೆ ಟ್ರಯಲ್ ಹೋಗುವುದಿಲ್ಲ. ಘಾಟಿ ಬುಡದ ಗುಂಡ್ಯಕ್ಕೆ ಇಳಿದು ವಾಪಸ್ ತಿರುಗಿದೆವು. ಬೆಳಿಗ್ಗೆ ಬೇಗ ಹೋಗಿದ್ದು ಬೇಕೆಂದೇ. ಟ್ಯಾಂಕರ್ ಹಿಂದೆ ಸಿಕ್ಕಿಕೊಂಡರೆ ಬೂಸ್ಟ್ ಬರುವಷ್ಟು ಕಾಲು ಕೊಡಲು ಆಗಲ್ಲ. ಖಾಲಿ ಏರು ಸಿಕ್ಕಿತು. "ಥರ್ಡ್ ಗೇರಲ್ಲೇ ಇರಲಿ ಸಾರ್, ಪೂರ್ತಿ ಒತ್ತಿ" ಅಂದೆ. ಇಂಜಿನ್ ಕಡೆಗೆ ಎಳೆದು ನಿಂತಿದ್ದ ನೀರು ಸರಿಸಮಕ್ಕೆ ಬಂತು, ಅಲ್ಲಿ ನಿಲ್ಲಲಿಲ್ಲ, ಇನ್ನೊಂದು ಕಡೆಗೆ ಏರಿ ಏರಿ ಪೈಪಿನ ಬಾಯಿಂದ ನನ್ನ ಪ್ಯಾಂಟ್ ಮೇಲೆ ಚೆಲ್ಲಿತು. ಕಾಲು ಬಿಟ್ಟ ಕೂಡಲೇ ಪೈಪಲ್ಲಿ ಉಳಿದದ್ದು ಮತ್ತೆ ವಾಪಸ್.

ಒತ್ತಡ ಇದೆ ಅನ್ನುವುದು ಖಾತ್ರಿಯಾಯಿತು. ಎಲ್ಲಿಂದ ಬಂತು? ಮೂರು ಸಾಧ್ಯತೆ ಇದೆ. ಮ್ಯಾನಿಫೋಲ್ಡ್ ಕಡೆಯ ನಾನ್ ರಿಟರ್ನ್ ವಾಲ್ವ್ ಮುಚ್ಚದೆ ಬೂಸ್ಟ್ ಒಳಗೆ ನುಗ್ಗುತ್ತಿರಬಹುದು. ಟರ್ಬೊ ಮೂತಿಗೆ ಹೋಗುವ ಹೋಸ್ ಕಟ್ಟಿಕೊಂಡಿರಬಹುದು. ಇಲ್ಲವೇ ರಿಂಗ್ ಸವೆದಿರಬಹುದು. ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಮ್ಯಾನಿಫೋಲ್ಡ್ ಕಡೆಯ ಹೋಸ್ ಬಿಚ್ಚಿ, ಮ್ಯಾನಿಫೋಲ್ಡ್ ಮೂತಿಯನ್ನೂ ಹೋಸಿನ ಬಾಯಿಯನ್ನೂ ಮುಚ್ಚಿ ಕ್ಲಿಪ್ ಹಾಕಿದೆ. ಟ್ರಯಲ್ ಮಟ್ಟಿಗೆ ಹೀಗೆ ಓಡಿಸಬಹುದು. ಅದೇ ಏರು, ಅದೇ ಗೇರು. ಈಗ ನೀರು ಒತ್ತುವ ಕಡೆಗೆ ಹೋಗಲೇ ಇಲ್ಲ, ಸ್ವಲ್ಪ ಎಳೆತವೇ ತೋರಿಸಿತು. ಅಂದರೆ ಹೋಸ್ ಸರಿ, ರಿಂಗೂ ಸರಿ, ತಪ್ಪಿತಸ್ಥ ವಾಲ್ವ್. ಮುಚ್ಚಿದ ಮೇಲೂ ಒತ್ತಡ ಉಳಿದಿದ್ದರೆ ಹೋಸ್ ಬಿಚ್ಚಿ ನೋಡಿ, ಆಮೇಲೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್ ಡೌನ್ ಟೆಸ್ಟಿಗೆ ಹೋಗಬೇಕಿತ್ತು.

ಗ್ಯಾರೇಜಿಗೆ ಬಂದು ಪಿಸಿವಿ ಬಿಚ್ಚಿ ಬಾಯಲ್ಲಿ ಊದಿದೆ. ಒಂದೇ ಕಡೆ ಗಾಳಿ ಬಿಡಬೇಕಾದ ವಾಲ್ವ್ ಎರಡೂ ಕಡೆ ಬಿಡುತ್ತಿತ್ತು. ರಬ್ಬರ್ ಎಲೆ ಗಟ್ಟಿಯಾಗಿ ಅಂಚು ಮಡಿಚಿಕೊಂಡಿತ್ತು, ಮಧ್ಯೆ ಕರಿ ಜಿಡ್ಡು. ಕೂದಲೆಳೆ ಸಂದಿ ಸಾಕು. ಒಂದು ಬಾರ್ ಬೂಸ್ಟ್ ಅಂದರೆ ಸುಮಾರು 10 ಮೀಟರ್ ನೀರಿನ ಒತ್ತಡ, ಸೀಲುಗಳು ನಿಭಾಯಿಸಬೇಕಾದದ್ದು ಸೆಂಟಿಮೀಟರ್ ಲೆಕ್ಕದಲ್ಲಿ. ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಗಟ್ಟಿಯಾದ ರಬ್ಬರ್ ತೊಳೆದರೆ ಮೆತ್ತಗಾಗುವುದಿಲ್ಲ, ಪೂರ್ತಿ ಸೆಟ್ ಹೊಸದು ಹಾಕಿದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಒತ್ತಡ ತಿಂದು ಜರುಗಿತ್ತು, ಅದನ್ನೂ ಬದಲಾಯಿಸಿದೆ. ಕ್ರ್ಯಾಂಕ್ ಸೀಲ್ ಮುಟ್ಟಲಿಲ್ಲ.

ಇದರ ತದ್ವಿರುದ್ಧ ಕಾಯಿಲೆ ಡಯಾಫ್ರಾಮ್ ಹರಿಯುವುದು. ಐಡಲ್ ಏರಿಳಿಯುತ್ತದೆ, ಸಿಳ್ಳೆ ಕೇಳುತ್ತದೆ, ಆಯಿಲ್ ಮುಚ್ಚಳ ಕೀಳಲು ಒದ್ದಾಡಬೇಕು, ಸ್ಕ್ಯಾನರಲ್ಲಿ ಪಿ0171 ಅಂದರೆ ಒಳಗೆ ಬರುವ ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ ಅನ್ನುವ ಕೋಡ್. ಸಿಳ್ಳೆ ಬರುವಾಗ ಡಿಪ್‌ಸ್ಟಿಕ್ ಎತ್ತಿ. ಸದ್ದು ನಿಂತರೆ ಹುಡುಕಾಟ ಮುಗಿಯಿತು, ಸುಮ್ನೆ ಇಂಜೆಕ್ಟರ್ ಬಿಚ್ಚಬೇಡಿ.

ದುಡ್ಡು ಜಾಸ್ತಿ ಪೋಲಾಗುವುದು ಟರ್ಬೊ ವಿಷಯದಲ್ಲಿ. ನೀಲಿ ಹೊಗೆ ಬಂತು, ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಪೈಪಲ್ಲಿ ಆಯಿಲ್ ಇದೆ, ಟರ್ಬೊ ಹೋಯಿತು ಅಂತ ಹೊಸದು ಹಾಕುತ್ತಾರೆ, ಅದೂ ಹೊಗೆ ಬಿಡುತ್ತದೆ. ಟರ್ಬೊಗೆ ಆಯಿಲ್ ಪಂಪಿನ ಒತ್ತಡದಿಂದ ಬರುತ್ತದೆ, ವಾಪಸ್ ಹೋಗುವುದು ಮಾತ್ರ ತನ್ನ ಭಾರಕ್ಕೆ ಇಳಿದು. ಕೆಳಗೆ ಚೇಂಬರಲ್ಲಿ, ಅಂದರೆ ಇಂಜಿನ್ ಹೊಟ್ಟೆಯಲ್ಲಿ, ಒತ್ತಡ ಇದ್ದರೆ ಅದು ಇಳಿಯುವುದಾದರೂ ಎಲ್ಲಿಗೆ? ಟರ್ಬೊ ಒಳಗೇ ನಿಂತು ಶಾಫ್ಟ್ ಅಂಚಿನಿಂದ ಎರಡೂ ಕಡೆ ನುಗ್ಗುತ್ತದೆ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಸಣ್ಣ ರಿಂಗ್, ನಿಂತ ಆಯಿಲ್ ತಡೆಯುವ ರಬ್ಬರ್ ಸೀಲ್ ಅಲ್ಲ. ರಿಟರ್ನ್ ಪೈಪ್ ಮಡಿಚಿದ್ದರೂ, ಪ್ಯಾಕಿಂಗಿಗೆ ಹಚ್ಚಿದ ಗಮ್ ಒಳಗೆ ಉಬ್ಬಿದ್ದರೂ, ಆಯಿಲ್ ಅಳತೆ ಮೀರಿ ಹಾಕಿದ್ದರೂ ಇದೇ ಕಥೆ. ಇಂಟರ್‌ಕೂಲರ್ ಪೈಪಲ್ಲಿ ತೆಳ್ಳಗೆ ಜಿಡ್ಡಿದ್ದರೆ ಹೆದರಬೇಕಿಲ್ಲ, ಬಗ್ಗಿಸಿದಾಗ ಆಯಿಲ್ ಸುರಿದರೆ ಮಾತ್ರ ಯೋಚನೆ ಮಾಡಿ.

ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಆಯಿಲ್ ಮುಚ್ಚಳದಡಿ ಬಿಳಿ ಕೆನೆ ಕಟ್ಟಿದೆ ಅಂತ ಗಾಬರಿಯಿಂದ ಬರುತ್ತಾರೆ. ಕೂಲಂಟ್ ಕಡಿಮೆಯಾಗದಿದ್ದರೆ ಸಾಮಾನ್ಯವಾಗಿ ಅದು ಹೆಡ್ ಪ್ಯಾಕಿಂಗ್ ಹೋಗಿ ಕೂಲಂಟ್ ಆಯಿಲಿಗೆ ಸೇರಿದ್ದಲ್ಲ. ಹತ್ತಿರ ಹತ್ತಿರ ಓಡಿಸಿ ಇಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡುತ್ತಾರೆ, ಗ್ಯಾಸಿನಲ್ಲಿದ್ದ ನೀರಾವಿ ಒಳಗೇ ಉಳಿಯುತ್ತದೆ. ಅದೇ ಕೆನೆ ಬ್ರೀದರ್ ಹೋಸನ್ನೂ ಕಟ್ಟಬಹುದು, ಹಾಗಾಗಿ ಹೋಸ್ ಬಿಚ್ಚಿ ನೋಡಿಯೇ ಕಳಿಸುತ್ತೇನೆ. ಲೀಕ್ ಹುಡುಕಲು ಕಂಪ್ರೆಸರ್ ಗಾಳಿಯನ್ನು ನೇರ ಡಿಪ್‌ಸ್ಟಿಕ್ ಕೊಳವೆಗೆ ಬಿಡುವ ಹುಡುಗರೂ ಇದ್ದಾರೆ. ಇಲ್ಲದ ಲೀಕನ್ನು ಹುಟ್ಟಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಘಾಟಿಯ ಕಾರಿನ ಗಿರಾಕಿಗೆ ಕೊಡುವ ಮುಂಚೆ ಇಂಟರ್‌ಕೂಲರ್ ಬಿಚ್ಚಿ, ಒಳಗಿದ್ದ ಆಯಿಲ್ ಸುರಿದು ತೊಳೆದೆ. ಹಾಗೆ ಮಾಡದಿದ್ದರೆ ಹಳೇ ಆಯಿಲ್ ಸುಟ್ಟು ಮುಗಿಯುವವರೆಗೂ ಹೊಗೆ ಬರುತ್ತದೆ, ಕೆಲಸ ಆಗಿಲ್ಲ ಅಂತ ಗಾಡಿ ವಾಪಸ್ ಬರುತ್ತದೆ. ಬ್ರೀದರ್ ಗ್ಯಾಸಿನ ಆಯಿಲನ್ನು ಹಿಡಿದಿಡುವ ಡಬ್ಬಿ, ಕ್ಯಾಚ್ ಕ್ಯಾನ್, ಹಾಕಿಸಲೇ ಅಂತ ಅವರು ಕೇಳಿದರು. ವಾಲ್ವ್ ಸರಿಯಿದ್ದರೆ ಬೇಕಿಲ್ಲ, ಕೆಟ್ಟಿದ್ದರೆ ಅದು ಉಪಯೋಗಕ್ಕೆ ಬರಲ್ಲ ಅಂದೆ.