ಮಾರುತಿ 800ರ ಎಡಬಾಗಿಲಿನ ಗಾಜು: ನಾನೇ ಹಾಕಿದ ಬಗೆ

2023ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಸಾಗರ ಸೀಮೆಯ ಮಳೆ ಎರಡು ಗಂಟೆ ಹೊಳವಾಗಿದ್ದಾಗ, ಅಂಗಳದಂಚಿನ ಹುಲ್ಲನ್ನು ಹೊಡೆಸಿಬಿಡೋಣವೆಂದು ವೀಡ್ ಕಟರ್‌ನವನನ್ನು ಕರೆಸಿದೆ. ಕಾರನ್ನು ಅಲ್ಲಿಂದ ಸರಿಸಬೇಕೆಂದು ತೋಚದೆ ಹೋದದ್ದು ನನ್ನದೇ ತಪ್ಪು. ಯಂತ್ರದ ಸದ್ದಿನ ನಡುವೆ ‘ಚಟ್’ ಎಂಬ ಸಣ್ಣ ಶಬ್ದವೊಂದು ಕೇಳಿತು. ತಿರುಗಿ ನೋಡಿದಾಗ ಮುಂದಿನ ಎಡಬಾಗಿಲಿನ ಗಾಜು ಪೂರ್ತಿ ಬೆಳ್ಳಗಾಗಿ, ಮಂಜು ಕವಿದಂತೆ ಒಂದು ಕ್ಷಣ ನಿಂತಿದ್ದು, ಮರುಕ್ಷಣ ಕಲ್ಲುಸಕ್ಕರೆ ಸುರಿದಂತೆ ಸೀಟಿನ ಮೇಲೆ ಉದುರಿತು. “ಮೇಷ್ಟ್ರೇ, ಕಲ್ಲು ಹಾರಿತು ಅಂತ ಕಾಣ್ತದೆ” ಎಂದು ಅವನು ಯಂತ್ರ ನಿಲ್ಲಿಸಿ ಸಪ್ಪಗೆ ನಿಂತ. ಅವನನ್ನು ಬೈದು ಪ್ರಯೋಜನವಿರಲಿಲ್ಲ. ಉಗುರಿನಷ್ಟು ಚಿಕ್ಕ ಜಲ್ಲಿಕಲ್ಲು ಮಾಡಿದ ಕೆಲಸ ಅದು.

ಕಾರು 1998ರದು. ಇಷ್ಟು ಹಳೆಯ ಕಾರಿಗೆ ನಾನು ಮೂರನೆಯ ವ್ಯಕ್ತಿಯ ವಿಮೆಯನ್ನಷ್ಟೇ ಮಾಡಿಸುತ್ತ ಬಂದಿದ್ದರಿಂದ ಗಾಜಿನ ಖರ್ಚು ನನ್ನ ಜೇಬಿನದೇ. ಅಕ್ಟೋಬರಿನಲ್ಲಿ ಐದು ವರ್ಷಕ್ಕೊಮ್ಮೆಯ ನೋಂದಣಿ ನವೀಕರಣ ಬೇರೆ ಇತ್ತು. ಗಾಜಿಲ್ಲದ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸುವಂತಿರಲಿಲ್ಲ. ಅದಕ್ಕಿಂತ ಅವಸರದ ಸಂಗತಿಯೆಂದರೆ ಮಳೆ. ಸಂಜೆಯೊಳಗೆ ಅದು ಮತ್ತೆ ಹಿಡಿಯುವುದು ಖಚಿತವಾಗಿತ್ತು. ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಬಾಗಿಲಿನ ಚೌಕಟ್ಟಿಗಿಂತ ನಾಲ್ಕು ಬೆರಳು ಅಗಲವಾಗಿ ಕತ್ತರಿಸಿ, ಬಾಗಿಲು ತೆರೆದು ಚೌಕಟ್ಟಿನ ಮೇಲೆ ಹೊದಿಸಿ, ಅಂಚುಗಳನ್ನು ಒಳಕ್ಕೆ ಮಡಚಿ ಬಾಗಿಲನ್ನು ಅದರ ಸಮೇತ ಮುಚ್ಚಿದೆ. ಬಣ್ಣದ ಮೇಲೆ ಅಂಟುಪಟ್ಟಿ ಹಚ್ಚಿದರೆ ಕೀಳುವಾಗ ಹಳೆಯ ಬಣ್ಣವೂ ಜೊತೆಗೆ ಬರುತ್ತದೆ. ಬಾಗಿಲಿನ ರಬ್ಬರೇ ಹಾಳೆಯನ್ನು ಕಚ್ಚಿ ಹಿಡಿದರೆ ಆ ತೊಂದರೆಯಿಲ್ಲ. ಹೀಗೆ ಮುಚ್ಚಿಟ್ಟ ಕಾರು ಒಂಬತ್ತು ದಿನ ಕಳೆಯಿತು.

ಊರಿನ ಗಾಜಿನಂಗಡಿಯವರು, ಫೋಟೊಗೆ ಕಟ್ಟು ಹಾಕುವವರು, ಅಳತೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಗಾಜು ಕೊಯ್ದು ಕೊಡುವುದಾಗಿ ಹೇಳಿದರು. ಆ ಸಹಾಯವನ್ನು ನಾನು ಒಪ್ಪಲಿಲ್ಲ. ಕಾರಿನ ಪಕ್ಕದ ಗಾಜು ಹದಗೊಳಿಸಿದ ಗಾಜು, ನಮ್ಮ ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಟಫನ್ಡ್’. ಆಕಾರಕ್ಕೆ ಕೊಯ್ದು, ಅಂಚು ತಿಕ್ಕಿ, 600 ಡಿಗ್ರಿ ಸೆಲ್ಷಿಯಸ್‌ಗೂ ಮೇಲೆ ಕಾಯಿಸಿ, ಆಮೇಲೆ ಎರಡೂ ಮೈಗೆ ಜೋರಾಗಿ ಗಾಳಿ ಹಾಯಿಸಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿಯುತ್ತ ಕುಗ್ಗಲು ಹವಣಿಸಿ ಹೊರಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಗಾಜಿನ ಬಲ ಇರುವುದು ಈ ಬಿಗಿತದಲ್ಲೇ, ಮತ್ತು ಬಿರುಕೊಂದು ಒಳಗಿನ ಪದರಕ್ಕೆ ತಲುಪಿದರೆ ಕೂಡಿಟ್ಟ ಬಿಗಿತವೆಲ್ಲ ಒಮ್ಮೆಗೇ ಸಡಿಲಗೊಂಡು ಇಡೀ ಗಾಜು ಪುಡಿಯಾಗುವುದೂ ಅದರಿಂದಲೇ. ಹೀಗಾಗಿ ಹದಗೊಳಿಸಿದ ಗಾಜನ್ನು ಆಮೇಲೆ ಕೊಯ್ಯುವಂತಿಲ್ಲ. ಅಂಗಡಿಯಲ್ಲಿ ಕೊಯ್ದು ಕೊಡುವುದು ಕಿಟಕಿಗೆ ಹಾಕುವ ಸಾದಾ ಗಾಜು. ಒಡೆದರೆ ಅದು ಹರಳಾಗಿ ಉದುರುವುದಿಲ್ಲ, ಕತ್ತಿಯಂಥ ಚೂರುಗಳಾಗಿ ಪಕ್ಕದಲ್ಲಿ ಕುಳಿತವರ ಕುತ್ತಿಗೆಯ ಹತ್ತಿರ ನಿಲ್ಲುತ್ತದೆ. ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು ಒತ್ತಿದ ಮುಂಗಾಜಿನ ಕತೆಯೇ ಬೇರೆ.

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿದ್ದರೂ ಬಿಡಿಭಾಗಗಳಿಗೆ ಬರವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಗಾಜನ್ನೇ ತರಿಸಬಹುದಿತ್ತು. ಆದರೆ ಬಸ್ಸಿನ ಡಿಕ್ಕಿಯಲ್ಲಿ ಗಾಜನ್ನು ಪಾರ್ಸೆಲ್ ಹಾಕಿಸಲು ಮನಸ್ಸು ಬರಲಿಲ್ಲ. ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ ಕೇಳಿದಾಗ ಮಾಲೀಕರು ಮೊದಲು ವಿಚಾರಿಸಿದ್ದು, “ಹಳೇ ಡಬ್ಬಿ ಮಾಡೆಲ್ಲೋ, ಆಮೇಲಿನದೋ?” ಎಂದು. 1983ರಲ್ಲಿ ಬಂದ ಮೊದಲ ಚೌಕಾಕಾರದ ಗಾಡಿಗೂ 1986ರಲ್ಲಿ ಬಂದ ದುಂಡಗಿನ ಮೈಯ ಗಾಡಿಗೂ ಗಾಜು ಹೊಂದುವುದಿಲ್ಲ. ನನ್ನದು ಎರಡನೆಯದು. ಎಡ ಮತ್ತು ಬಲದ ಗಾಜುಗಳು ಒಂದಕ್ಕೊಂದು ಕನ್ನಡಿಬಿಂಬದಂತಿರುವುದರಿಂದ ಕೈಯಲ್ಲಿ ಹಿಡಿದಾಗ ಗೊಂದಲವಾಗುತ್ತದೆ. ಗಾಜಿನ ಉಬ್ಬು ಹೊರಗೆ ಬರುವಂತೆ ನಿಲ್ಲಿಸಿ, ಇಳಿಜಾರಿನ ಅಂಚು ಕಾರಿನ ಮುಂದಕ್ಕೆ ಬರುತ್ತದೆಯೇ ಎಂದು ನೋಡಿದರೆ ಬಗೆಹರಿಯುತ್ತದೆ. ಕೆಳಅಂಚಿಗೆ ಕಚ್ಚಿಸಿದ ಕಬ್ಬಿಣದ ಚಾನೆಲ್ ಸಮೇತ ಗಾಜನ್ನು ನಾನೂರು ರೂಪಾಯಿಗೆ ಕೊಟ್ಟರು. ಅಂಚುಗಳ ಸುತ್ತಲೂ ಬೆರಳಾಡಿಸಿ ಎಲ್ಲಿಯೂ ಚಕ್ಕೆ ಹಾರಿಲ್ಲವೆಂದು ಖಾತ್ರಿ ಮಾಡಿಕೊಂಡೇ ತೆಗೆದುಕೊಂಡೆ, ಏಕೆಂದರೆ ಹದಗೊಳಿಸಿದ ಗಾಜು ನಡುಮೈಯಲ್ಲಿ ಎಷ್ಟು ಗಟ್ಟಿಯೋ ಅಂಚಿನಲ್ಲಿ ಅಷ್ಟೇ ನಾಜೂಕು.

ಬಾಗಿಲು ಬಿಚ್ಚುವ ಕೆಲಸದಲ್ಲಿ ಹೆಚ್ಚು ಸತಾಯಿಸಿದ್ದು ಗಾಜು ಏರಿಸುವ ಹಿಡಿಕೆ. ಕೈಯೂರುವ ಆಸರೆಯ ಎರಡು ಸ್ಕ್ರೂ, ಒಳಬಾಗಿಲ ಹಿಡಿಯ ಸುತ್ತಲ ಪ್ಲಾಸ್ಟಿಕ್ಕು, ಇವು ಸಲೀಸಾಗಿ ಬಂದವು. ಹಿಡಿಕೆಯಲ್ಲಿ ಮಾತ್ರ ಸ್ಕ್ರೂವೇ ಕಾಣಲಿಲ್ಲ. ಟಾರ್ಚ್ ಹಾಕಿ ಬಗ್ಗಿ ನೋಡಿದಾಗ, ಹಿಡಿಕೆಗೂ ಅದರ ಹಿಂದಿನ ಬಿಲ್ಲೆಗೂ ನಡುವೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ಪೊಂದು ಹೊಳೆಯಿತು. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ಚುಚ್ಚಿ ಬಿಲ್ಲೆಗೆ ಗೀರು ಬಿದ್ದದ್ದೇ ಬಂತು. ಕೊನೆಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಫೋನು ಮಾಡಿದೆ. “ಮೇಷ್ಟ್ರೇ, ಹತ್ಯಾರ ಬಿಡಿ. ಹಳೇ ಪಂಚೆ ತುಂಡು ಹಿಂದಿನಿಂದ ತೂರಿಸಿ, ಎರಡೂ ತುದಿ ಹಿಡಿದು ಬೆನ್ನುಜ್ಜಿದ ಹಾಗೆ ಎಳೀರಿ. ಅದೇ ಹಾರಿ ಬರ್ತದೆ” ಎಂದರು. ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡು ನಾಲ್ಕನೆಯ ಎಳೆತಕ್ಕೆ ಕ್ಲಿಪ್ಪು ಟಣ್ಣನೆ ಹಾರಿತು, ಹಾರಿ ಅಂಗಳದ ಕೆಸರಿನಲ್ಲಿ ಬಿತ್ತು. ಹುಡುಕಲು ಕಾಲು ಗಂಟೆ ಹಿಡಿಯಿತು. ಇನ್ನೊಂದು ಕೈಯನ್ನು ಅಡ್ಡ ಹಿಡಿದಿದ್ದರೆ ಸಾಕಾಗಿತ್ತು.

ಬಾಗಿಲಿನ ಒಳಪ್ಯಾಡು ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡ್. ಮಲೆನಾಡಿನ ಥಂಡಿಯಲ್ಲಿ ಇಪ್ಪತ್ತೈದು ಮಳೆಗಾಲ ಕಂಡ ಹಾರ್ಡ್‌ಬೋರ್ಡು ಹಪ್ಪಳದಂತೆ ಉಬ್ಬಿರುತ್ತದೆ. ಕೈಹಾಕಿ ಜಗ್ಗಿದರೆ ಪ್ಲಾಸ್ಟಿಕ್ ಗುಂಡಿಗಳು ಬಾಗಿಲಲ್ಲೇ ಉಳಿದು ಅವುಗಳ ತೂತು ಹರಿದು ಬರುತ್ತದೆ. ದೋಸೆ ಮಗುಚುವ ಮರದ ಸಟ್ಟುಗವನ್ನು ಪ್ರತಿ ಗುಂಡಿಯ ಪಕ್ಕದಲ್ಲೇ ತೂರಿಸಿ ಮೀಟಿದೆ. ಮನೆಯವಳು ಆ ಸಟ್ಟುಗವನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ಯಾಡಿನ ಹಿಂದೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಅರ್ಧ ಹರಿದಿತ್ತು. ಅದನ್ನು ಸರಿಸಿ ಬಾಗಿಲಿನ ಹೊಟ್ಟೆಯೊಳಗೆ ಕೈಹಾಕಿದರೆ ಗಾಜಿನ ಹರಳುಗಳ ರಾಶಿಯೇ ಸಿಕ್ಕಿತು. ಗಾಜು ಹಾಕುವುದು ಅರ್ಧ ಗಂಟೆಯ ಕೆಲಸವಾದರೆ ಈ ಹರಳು ತೆಗೆಯುವುದು ಅರ್ಧ ದಿನದ ಕೆಲಸ, ಮತ್ತು ಇದನ್ನು ಅವಸರದಲ್ಲಿ ಮುಗಿಸಿದವರು ಹೊಸ ಗಾಜನ್ನೂ ಕೆಡಿಸಿಕೊಳ್ಳುತ್ತಾರೆ ಎಂದೇ ನನ್ನ ಅಭಿಪ್ರಾಯ. ತೋಟದ ಕೆಲಸದ ದಪ್ಪ ಕೈಗವಸು ಹಾಕಿಕೊಂಡು ದೊಡ್ಡ ಹರಳುಗಳನ್ನು ಬಾಚಿ ತೆಗೆದೆ. ಉಳಿದದ್ದನ್ನು ವ್ಯಾಕ್ಯೂಮ್ ಕ್ಲೀನರ್‌ನ ಸಪೂರ ಕೊಳವೆಯಿಂದ ಎಳೆದೆ. ಬಾಗಿಲಿನ ತಳದ ಅಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ಕಿಂಡಿಗಳಿರುತ್ತವೆ. ಹರಳು, ಕೆಸರು, ತುಕ್ಕಿನ ಪುಡಿ ಎಲ್ಲ ಸೇರಿ ಅವು ಸಿಮೆಂಟು ಹಾಕಿದಂತೆ ಕಟ್ಟಿಕೊಂಡಿದ್ದವು. ತಂತಿಯಿಂದ ಕೆರೆದು, ಒಂದು ಚೊಂಬು ನೀರು ಹೊಯ್ದು, ಅದು ಎಲ್ಲ ಕಿಂಡಿಗಳಿಂದಲೂ ಧಾರೆಯಾಗಿ ಇಳಿಯುವವರೆಗೂ ಬಿಡಲಿಲ್ಲ. ಗಾಜು ಜಾರುವ ರಬ್ಬರ್ ಚಾನೆಲ್ಲಿನ ಮೆತ್ತೆಯೊಳಗೆ ಕಣ್ಣಿಗೆ ಕಾಣದಂತೆ ಹುದುಗಿದ ಚೂರುಗಳು ಇನ್ನೂ ಅಪಾಯಕಾರಿ. ಒಂದೇ ಒಂದು ಉಳಿದರೂ ಗಾಜನ್ನು ಏರಿಸಿ ಇಳಿಸಿದಾಗಲೆಲ್ಲ ಗೆರೆ ಎಳೆಯುತ್ತದೆ. ಚಾನೆಲ್ಲನ್ನು ಪೂರ್ತಿ ಹೊರತೆಗೆದು, ತಲೆಕೆಳಗಾಗಿ ಹಿಡಿದು ಕೊಡವಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉದ್ದಕ್ಕೂ ಉಜ್ಜಿದಾಗ ಇನ್ನೂ ಹದಿನೈದಿಪ್ಪತ್ತು ಹರಳು ಉದುರಿದವು.

ಈ ನಡುವೆ ಗುಜರಿಯ ಗಾಜಿನ ಮೇಲೆ ಯಾರೋ ಅಂಟಿಸಿದ್ದ ಕಪ್ಪು ಫಿಲ್ಮ್ ತೆಗೆಯಬೇಕಿತ್ತು. ಪಕ್ಕದ ಗಾಜು ಶೇಕಡ 50ರಷ್ಟಾದರೂ ಬೆಳಕು ಬಿಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ಹೇಳುತ್ತದೆ. ಅದರ ಮೇಲೆ ಫಿಲ್ಮ್ ಅಂಟಿಸುವುದನ್ನೇ ಸರ್ವೋಚ್ಚ ನ್ಯಾಯಾಲಯ 2012ರ ಏಪ್ರಿಲ್ 27ರಂದು ನಿಷೇಧಿಸಿತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿ, ಬ್ಲೇಡನ್ನು ಮಲಗಿಸಿದಂತೆ ಹಿಡಿದು ಒಂದು ಮೂಲೆ ಎಬ್ಬಿಸಿದ ಮೇಲೆ ಫಿಲ್ಮ್ ಹಾವಿನ ಪೊರೆಯಂತೆ ಬಂತು. ಉಳಿದ ಅಂಟನ್ನು ಸೀಮೆಎಣ್ಣೆ, ಆಮೇಲೆ ಸಾಬೂನು ಹಚ್ಚಿ ತೊಳೆದೆ. ಗಾಜಿನ ಕೆಳಅಂಚಿನ ಕಬ್ಬಿಣದ ಚಾನೆಲ್ ತುಕ್ಕು ತಿಂದು ತೂತಾಗಿದ್ದರಿಂದ ಅದನ್ನೂ ಕಿತ್ತೆಸೆದೆ. ನನ್ನ ಹಳೆಯ ಚಾನೆಲ್ ಗಟ್ಟಿಯಾಗಿಯೇ ಇದ್ದು, ಅದನ್ನು ಗಾಜು ಏರಿಸಿ ಇಳಿಸುವ ಬಾಗಿಲೊಳಗಿನ ಮೆಷಿನ್ನಿನಿಂದ ಎರಡು ಸ್ಕ್ರೂ ಬಿಚ್ಚಿ ತೆಗೆದಿಟ್ಟಿದ್ದೆ. ಗಾಜು ಈಗ ಹೊಸದರಂತೆ ಹೊಳೆಯುತ್ತಿತ್ತು. ಆಗ ತಿಳಿಯಿತು ನಾನು ಮಾಡಿಕೊಂಡ ಎಡವಟ್ಟು. ಚಾನೆಲ್ ಗಾಜಿನ ಅಂಚಿನ ಯಾವ ಜಾಗದಲ್ಲಿ ಕೂರಬೇಕೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ಅಲ್ಲಿ ಕಟ್ಟಿಕೊಂಡಿದ್ದ ಕೊಳೆಯ ಗುರುತು. ಅದನ್ನೂ ನಾನು ಶ್ರದ್ಧೆಯಿಂದ ತೊಳೆದುಬಿಟ್ಟಿದ್ದೆ. ಕೀಳುವ ಮುನ್ನ ಒಂದು ತುಂಡು ಅಂಟುಪಟ್ಟಿ ಹಚ್ಚಿ ಗುರುತಿಟ್ಟಿದ್ದರೆ ಮುಗಿಯುತ್ತಿತ್ತು.

ಚಾನೆಲ್ ಒಂದು ಬೆರಳು ಹಿಂದುಮುಂದಾದರೂ ಗಾಜು ಓರೆಯಾಗಿ ಏರಿ ಸಿಕ್ಕಿಕೊಳ್ಳುತ್ತದೆ. ಬೇರೆ ದಾರಿಯಿಲ್ಲದೆ ಬಲಬಾಗಿಲಿನ ಪ್ಯಾಡನ್ನೂ ಬಿಚ್ಚಿದೆ. ಗಾಜನ್ನು ಅರ್ಧಕ್ಕೆ ಇಳಿಸಿ, ಅದರ ಹಿಂಬದಿಯ ಅಂಚಿನಿಂದ ಚಾನೆಲ್ ಶುರುವಾಗುವವರೆಗಿನ ದೂರಕ್ಕೆ ಒಂದು ಪೊರಕೆಕಡ್ಡಿಯನ್ನು ಮುರಿದುಕೊಂಡೆ. ಟೇಪಿಗಿಂತ ಇದು ವಾಸಿ. ಬಾಗಿಲೊಳಗಿನ ಕತ್ತಲಲ್ಲಿ ಅಂಕಿ ಓದಬೇಕಿಲ್ಲ, ಎಡ-ಬಲ ಅದಲುಬದಲಾಗುವ ಭಯವೂ ಇಲ್ಲ, ಎರಡೂ ಕಡೆ ಹಿಂಬದಿಯ ಅಂಚಿನಿಂದಲೇ ಇಟ್ಟರಾಯಿತು. ಗಾಜನ್ನು ನಾಲ್ಕು ಮಡಿಕೆ ಕಂಬಳಿಯ ಮೇಲೆ ನಿಲ್ಲಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಅಂಚಿಗೆ ಮಡಚಿ, ಸಾಬೂನು ನೀರು ಸವರಿ, ಕಡ್ಡಿಯ ಅಳತೆಗೆ ಸರಿಯಾಗಿ ಚಾನೆಲ್ಲನ್ನು ಇಟ್ಟು, ಮೇಲೊಂದು ಮರದ ತುಂಡು ಅಡ್ಡ ಕೊಟ್ಟು ಕೊಡತಿಯಿಂದ ಮೆಲ್ಲಗೆ ಬಡಿದೆ. ಒಂದೇ ಕಡೆ ಬಡಿಯದೆ ಈ ತುದಿಗೊಂದು ಆ ತುದಿಗೊಂದು ಪೆಟ್ಟು ಹಾಕುತ್ತ ಹೋದರೆ ಅದು ಸಮವಾಗಿ ಕಚ್ಚುತ್ತದೆ.

ಗಾಜನ್ನು ಮುಂಬದಿ ಕೆಳಗಾಗುವಂತೆ ಓರೆ ಮಾಡಿ ಬಾಗಿಲಿನ ಸೀಳಿನೊಳಗೆ ಇಳಿಸಿ, ಒಳಗೆ ನೇರ ಮಾಡಿಕೊಂಡು ರಬ್ಬರ್ ಚಾನೆಲ್ಲಿಗೆ ಸೇರಿಸಬೇಕು. ಇದಕ್ಕೆ ಇನ್ನೊಬ್ಬರು ಬೇಕು. ಹೊರಗೆ ಮಗ ಹಿಡಿದಿದ್ದ, ಒಳಗೆ ನಾನಿದ್ದೆ. ಮೊದಲ ಸಲ ಸ್ಕ್ರೂಗಳನ್ನು ಬಿಗಿ ಮಾಡಿಯೇ ಏರಿಸಿದಾಗ ಮುಕ್ಕಾಲು ಪಾಲು ಏರಿ ಕಿರುಗುಟ್ಟಿ ನಿಂತಿತು. ಒತ್ತಾಯಿಸದೆ ಇಳಿಸಿ, ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಮಗ ಎರಡೂ ಅಂಗೈಗಳಿಂದ ಗಾಜನ್ನು ಮೇಲಕ್ಕೆ ಆನಿಸುತ್ತಿರುವಂತೆಯೇ ನಾನು ಹಿಡಿಕೆ ತಿರುಗಿಸಿದೆ. ಪೂರ್ತಿ ಏರಿ ಮೇಲಿನ ರಬ್ಬರಿನಲ್ಲಿ ತಾನಾಗಿ ಕುಳಿತ ಮೇಲೆ ಅಲ್ಲಿಯೇ ಸ್ಕ್ರೂ ಬಿಗಿದೆ. ಮೆಷಿನ್ನಿಗೆ ಗ್ರೀಸು, ಹಿಡಿಕೆಗೆ ಮೊದಲೇ ಕ್ಲಿಪ್ ಕೂರಿಸಿ ಒಂದು ಗುದ್ದು, ಅಷ್ಟೇ.

ಪ್ಯಾಡು ಮುಚ್ಚುವ ಮುನ್ನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹೊಸದಾಗಿ ಹಾಕಿದೆ. ಅನೇಕ ಗ್ಯಾರೇಜುಗಳಲ್ಲಿ ಅದನ್ನು ಕಿತ್ತು ಬಿಸಾಡುವುದನ್ನು ನೋಡಿದ್ದೇನೆ. ಮಳೆನೀರು ಗಾಜಿನ ಮೇಲಿಂದ ಇಳಿದು ಬಾಗಿಲಿನ ಹೊಟ್ಟೆಗೆ ಹೋಗುವುದು ಸಹಜವೇ. ಗಾಜಿನ ಪಕ್ಕದ ರಬ್ಬರು ಅದನ್ನು ಪೂರ್ತಿ ತಡೆಯುವುದಿಲ್ಲ. ಆ ನೀರು ಪ್ಯಾಡಿಗೆ ತಾಗದೆ ತಳದ ಕಿಂಡಿಗಳಿಗೆ ಹೋಗುವಂತೆ ಮಾಡುವುದು ಈ ಹಾಳೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ಹಳೆಯ ಹಾಳೆಯ ಅಳತೆಗೇ ಕತ್ತರಿಸಿ, ಮೆಕ್ಯಾನಿಕ್ ಕೊಟ್ಟ ಕಪ್ಪು ಮೇಣದಂಥ ಅಂಟುಪಟ್ಟಿಯಿಂದ ಸುತ್ತಲೂ ಅಂಟಿಸಿದೆ. ಕೆಳಗಿನ ಅಂಚನ್ನು ಮಾತ್ರ ಹೊರಗೆ ಬಿಡದೆ ಬಾಗಿಲೊಳಗೆ ತೂರಿಸಬೇಕು, ಇಲ್ಲವಾದರೆ ಹಾಳೆಯ ಮೇಲೆ ಇಳಿದ ನೀರು ನೇರವಾಗಿ ಕಾರಿನೊಳಗೆ ಬರುತ್ತದೆ.

ಅಳತೆಗೆಂದು ಬಿಚ್ಚಿದ್ದ ಬಲಬಾಗಿಲು ಇನ್ನೂ ಹಾಗೆಯೇ ಇತ್ತು. ಅದರ ಹಾಳೆಯ ಕೆಳಗಿನ ಅಂಚು ಹೊರಗಿತ್ತು, ಕಿಂಡಿಗಳಲ್ಲಿ ಮಣ್ಣು ಕಟ್ಟಿತ್ತು. ಚಾಲಕನ ಕಾಲ ಬಳಿಯ ಮ್ಯಾಟು ಪ್ರತಿ ಮಳೆಗಾಲದಲ್ಲಿ ಒದ್ದೆಯಾಗುತ್ತಿದ್ದುದಕ್ಕೆ ನಾನು ಮುಂಗಾಜಿನ ರಬ್ಬರನ್ನು ದೂಷಿಸುತ್ತ ಬಂದಿದ್ದೆ, ಎರಡು ಸಲ ಅದಕ್ಕೆ ಅಂಟು ಬಳಿಸಿಯೂ ಇದ್ದೆ. ಗೊಬ್ಬರದ ಚೀಲದಲ್ಲಿ ಇನ್ನೊಂದು ಬಾಗಿಲಿಗೆ ಸಾಕಾಗುವಷ್ಟು ಪ್ಲಾಸ್ಟಿಕ್ ಉಳಿದಿತ್ತು. ಆ ಕೆಲಸ ಮುಗಿಸಿ ಪ್ಯಾಡು ಒತ್ತುವ ಹೊತ್ತಿಗೆ ಮಳೆ ಹಿಡಿಯಿತು. ಬೆಳಿಗ್ಗೆ ಹೋಗಿ ಎರಡೂ ಮ್ಯಾಟುಗಳ ಕೆಳಗೆ ಕೈಯಿಟ್ಟು ನೋಡಿದೆ, ಒಣಗಿತ್ತು.