ಬೆಳಗಿನ ವ್ಯಾಯಾಮ ಮತ್ತು ರಕ್ತದ ಹೆಪ್ಪುಗಟ್ಟುವಿಕೆ: ಹೊತ್ತರಿತು ಮಾಡುವ ಬಗೆ

ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಮುಂಜಾನೆ ಹಾಸಿಗೆಯಿಂದ ಎದ್ದು ನಿಂತ ಮೇಲೆ, ಹೆಪ್ಪುಗಟ್ಟಲು ನೆರವಾಗುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣ ಹೆಚ್ಚುತ್ತದೆ. ಹೆಪ್ಪನ್ನು ಕರಗಿಸುವ ವ್ಯವಸ್ಥೆಗೆ ತಡೆಯೊಡ್ಡುವ ಪಿಎಐ-1 ಎಂಬ ಪ್ರೋಟೀನು ಕೂಡ ಆ ಹೊತ್ತಿನಲ್ಲೇ ಅಧಿಕವಾಗಿದ್ದು, ಸಂಜೆಯ ವೇಳೆಗೆ ಇಳಿದಿರುತ್ತದೆ. ಹೃದಯಾಘಾತಗಳು ಬೆಳಗಿನ 6ರಿಂದ ಮಧ್ಯಾಹ್ನ 12ರ ನಡುವೆ ಹೆಚ್ಚಾಗಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣವೆಂದು ಭಾವಿಸಲಾಗಿದೆ.

ಬಿರುಸಾದ ವ್ಯಾಯಾಮವು ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಎಂಬ ಪ್ರೋಟೀನನ್ನೂ ಹೆಪ್ಪು ಕರಗಿಸುವ ಟಿಪಿಎ ಕಿಣ್ವವನ್ನೂ ಒಟ್ಟಿಗೆ ಏರಿಸುತ್ತದೆ. ಆದರೆ ದಣಿವಾರಿಸಿಕೊಳ್ಳುವಾಗ ಟಿಪಿಎ ಬೇಗನೆ ಇಳಿದು, ಫ್ಯಾಕ್ಟರ್ 8 ಇನ್ನೂ ಕೆಲಕಾಲ ಏರಿದ ಮಟ್ಟದಲ್ಲೇ ಉಳಿಯುವುದರಿಂದ, ಎಚ್ಚರ ಬೇಕಾಗಿರುವುದು ಓಡುವಾಗ ಮಾತ್ರವಲ್ಲ, ನಿಂತ ಮೇಲೂ ಹೌದು.

ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ಓಟಕ್ಕಿಳಿಯದೆ, ನೀರು ಕುಡಿದು, ಮನೆಯಲ್ಲೇ ಸ್ವಲ್ಪ ಹೊತ್ತು ಓಡಾಡಿ, ಅನಂತರ ಹತ್ತು ನಿಮಿಷ ನಿಧಾನವಾಗಿ ನಡೆದು ವೇಗವನ್ನು ಹಂತಹಂತವಾಗಿ ಹೆಚ್ಚಿಸಿಕೊಳ್ಳಿ. ಮುಗಿಸುವಾಗಲೂ ಥಟ್ಟನೆ ಕೂರದೆ ಐದರಿಂದ ಹತ್ತು ನಿಮಿಷ ನಡೆಯಿರಿ. ಮಾತನಾಡುತ್ತಲೇ ಮಾಡಬಹುದಾದಷ್ಟು ಮಿತವಾದ ವ್ಯಾಯಾಮ ಈ ಏರುಪೇರನ್ನು ಅಷ್ಟಾಗಿ ಉಂಟುಮಾಡುವುದಿಲ್ಲ. ಹೃದ್ರೋಗವಿರುವವರು ಬಿರುಸಿನ ಅಭ್ಯಾಸವನ್ನು ಸಂಜೆಗೆ ಇಟ್ಟುಕೊಳ್ಳಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಗ್ಗಿಸುವ ಆಸ್ಪಿರಿನ್ ಮಾತ್ರೆಯನ್ನು ತಾವಾಗಿಯೇ ಆರಂಭಿಸುವುದಾಗಲಿ, ಅದರ ಹೊತ್ತನ್ನು ಬದಲಿಸುವುದಾಗಲಿ ಕೂಡದು. ಹಾಗೆಂದು ಬೆಳಗಿನ ನಡಿಗೆಯನ್ನೇ ಬಿಡಬೇಕಿಲ್ಲ: ಸಂಜೆಗೆಂದು ಮುಂದೂಡಿ, ಕೊನೆಗೆ ಮಾಡದೇ ಉಳಿಯುವವರು ನಮ್ಮಲ್ಲಿ ಬಹಳ.