ಹಳೆಯ ಲೆಟ್ಟೆರಾ 22 ಕೊಳ್ಳುವ ಮುನ್ನ

ಇಟಲಿಯ ಇವ್ರೆಯಾ ಊರಿನ ಒಲಿವೆಟ್ಟಿ ಕಂಪನಿ 1950ರಲ್ಲಿ ಹೊರತಂದ ಲೆಟ್ಟೆರಾ 22, ಕೈಯಲ್ಲಿ ಹಿಡಿದು ಒಯ್ಯಬಹುದಾದ, ಸುಮಾರು 3.7 ಕಿಲೋ ತೂಕದ ಬೆರಳಚ್ಚು ಯಂತ್ರ. ಮಾರ್ಚೆಲ್ಲೊ ನಿಝೋಲಿ ರೂಪಿಸಿದ ಈ ಯಂತ್ರಕ್ಕೆ 1954ರಲ್ಲಿ ಕಂಪಾಸ್ಸೊ ದೋರೊ ವಿನ್ಯಾಸ ಪ್ರಶಸ್ತಿ ದೊರೆಯಿತು. ಸಂಗ್ರಾಹಕರು ಇದನ್ನು ಇಂದಿಗೂ ಹುಡುಕಿಕೊಂಡು ಹೋಗುವುದಕ್ಕೆ ಅದರ ಅಂದದಷ್ಟೇ, ಕೆಲಸಕ್ಕೆ ಒದಗುವ ಗುಣವೂ ಕಾರಣ. ಹಾಗಾಗಿ ಹೊಳಪಿಗೆ ಮರುಳಾಗದೆ, ಬರೆದು ನೋಡಿಯೇ ಕೊಳ್ಳಬೇಕು.

ಎರಡು ಹಾಳೆ ಜೋಡಿಸಿ ಯಂತ್ರಕ್ಕೆ ಸೇರಿಸಿ, ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ. ಇಂಗ್ಲಿಷ್ ಕೀಲಿಮಣೆಯಲ್ಲಿ 1 ಅಂಕಿ ಕಾಣದಿದ್ದರೆ ಅದು ದೋಷವಲ್ಲ. ಸಣ್ಣ ಎಲ್ ಅಕ್ಷರವನ್ನೇ ಅದಕ್ಕೆ ಬಳಸುತ್ತಿದ್ದರು. ದೊಡ್ಡ ಮತ್ತು ಸಣ್ಣ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಹೊಡೆದಾಗ ಎರಡರ ಬುಡವೂ ಒಂದೇ ಗೆರೆಯಲ್ಲಿರಬೇಕು. ಸಾಲನ್ನು ಕೊನೆಯವರೆಗೂ ತುಂಬಿಸುವುದನ್ನು ಮರೆಯಬೇಡಿ: ಕಾಗದ ಹೊತ್ತು ಪಕ್ಕಕ್ಕೆ ಸರಿಯುವ ಭಾಗವಾದ ಕ್ಯಾರೇಜನ್ನು ಎಳೆಯುವ ಸ್ಪ್ರಿಂಗಿನ ಬಿಗಿ ಅಲ್ಲಿಗೆ ತೀರ ಕಡಿಮೆಯಾಗುವುದರಿಂದ, ಅದು ಸೋತಿದ್ದರೆ ಅಕ್ಷರದ ಮೇಲೆ ಅಕ್ಷರ ಬೀಳುವುದು ಅಲ್ಲಿಯೇ. ರಬ್ಬರ್ ರೋಲರಿಗೆ ಉಗುರು ಒತ್ತಿ ನೋಡಿ. ಕಲ್ಲಿನಂತೆ ಗಡುಸಾಗಿದ್ದರೆ ಸದ್ದು ಜೋರಾಗುತ್ತದೆ, ಕಾಗದವೂ ಜಾರುತ್ತದೆ.

ಮೇಲಿನ ಮುಚ್ಚಳ ತೆಗೆದು ರಿಬ್ಬನ್ ಸುರುಳಿಗಳನ್ನು ಹಿಡಿದಿಡುವ ಪುಟ್ಟ ನಟ್ಟುಗಳೆರಡೂ ಇವೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಕಳೆದುಹೋಗುವುದು ಹೆಚ್ಚಾಗಿ ಇವೇ. ಹಳೆಯ ಸುರುಳಿಗಳನ್ನು ಎಂದೂ ಎಸೆಯಬೇಡಿ. ಅರ್ಧ ಇಂಚು ಅಗಲದ ಹೊಸ ರಿಬ್ಬನ್ ತಂದು ಅವುಗಳಿಗೇ ಸುತ್ತಿಕೊಳ್ಳುವುದು ಒಳ್ಳೆಯದು.

ಅಂಟಿಕೊಳ್ಳುವ ಕೀಲಿಗಳಿಗೆ ಎಣ್ಣೆ ಬಿಡುವುದು ದೊಡ್ಡ ತಪ್ಪು. ಕಾಗದಕ್ಕೆ ಅಕ್ಷರ ಹೊಡೆಯುವ ಅಚ್ಚಿನ ಕಡ್ಡಿಗಳು ಕೂರುವ ಸೀಳುಗಳಲ್ಲಿ ಎಣ್ಣೆ ಧೂಳನ್ನು ಹಿಡಿದು ಮತ್ತೆ ಅಂಟಾಗುತ್ತದೆ. ಅದರ ಬದಲು ಬಣ್ಣದ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ವಲ್ಪವೇ ತಾಗಿಸಿ, ಗಾಳಿಯಾಡುವ ಜಾಗದಲ್ಲಿ, ರಬ್ಬರಿಗೂ ಬಣ್ಣಕ್ಕೂ ಸೋಕದಂತೆ ಆ ಸೀಳುಗಳನ್ನು ಉಜ್ಜಿ, ಕಡ್ಡಿ ತಾನಾಗಿ ಹಿಂದಕ್ಕೆ ಬೀಳುವವರೆಗೂ ಕೀಲಿಯನ್ನು ಮತ್ತೆ ಮತ್ತೆ ಒತ್ತುತ್ತಿರಿ.

ಬೆಲೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಅಮೆರಿಕದ ಕಾದಂಬರಿಕಾರ ಕಾರ್ಮಾಕ್ ಮೆಕಾರ್ಥಿ ಬಳಸುತ್ತಿದ್ದ, ಇದರ ನಂತರದ ಮಾದರಿಯಾದ ಲೆಟ್ಟೆರಾ 32 ಯಂತ್ರ 2009ರ ಹರಾಜಿನಲ್ಲಿ 2,54,500 ಡಾಲರಿಗೆ ಹೋಯಿತು. ಆದರೆ ಆ ಬೆಲೆ ಸಂದದ್ದು ಯಂತ್ರಕ್ಕಲ್ಲ, ಅದರ ಒಡೆಯನ ಹೆಸರಿಗೆ. ಮೂಲ ಬಣ್ಣ ಉಳಿದಿದ್ದು, ಜಿಪ್ಪಿನ ಚೀಲವೂ ಜೊತೆಗಿದ್ದರೆ ಸ್ವಲ್ಪ ಹೆಚ್ಚು ಕೊಡಬಹುದು. ಹೊಸದಾಗಿ ಬಣ್ಣ ಬಳಿದು ಮಿರುಗಿಸಿದ್ದಕ್ಕೆ ಖಂಡಿತ ಕೊಡಬೇಡಿ.